ಸಹಾಯ ಬೇಕು: ಮಗಳು ಹುಟ್ಟಿದ ದೇಶ ನೋಡಿ ಬಂದ ಮೇಲೆ

ನಮಸ್ಕಾರ. ನಮ್ಮ ದತ್ತು ಮಗಳಿಗೆ ಈಗ 11 ವರ್ಷ. ಹೋದ ತಿಂಗಳು ಅವಳು ಹುಟ್ಟಿದ ದೇಶಕ್ಕೆ ಮೂವರೂ ಹೋಗಿ ಬಂದೆವು. ತನ್ನಂಥದೇ ಮುಖಗಳನ್ನು ಕಂಡು ಖುಷಿಪಟ್ಟಳು. ಚಿಕ್ಕಂದಿನಲ್ಲಿ ನೋಡಿಕೊಂಡಿದ್ದ ಆಯಾ ಗುರುತು ಹಿಡಿದು ಅಪ್ಪಿಕೊಂಡರು. ಆದರೆ ಅವರ ಮಾತು ಇವಳಿಗೆ ಒಂದೂ ಅರ್ಥವಾಗಲಿಲ್ಲ. ಅದೇ ಚುಚ್ಚಿತೇನೋ.

ಮನೆಗೆ ಬಂದಾಗಿನಿಂದ ಮೌನ. ಸಣ್ಣದಕ್ಕೂ ಸಿಟ್ಟು. ರಾತ್ರಿ ನನ್ನ ಪಕ್ಕದಲ್ಲೇ ಮಲಗಬೇಕು. ಮೊನ್ನೆ "ನನ್ನ ಹೆತ್ತಮ್ಮ ಅಲ್ಲೇ ಎಲ್ಲೋ ಇದ್ದಿರಬೇಕು, ಅಲ್ವಾ?" ಅಂದಳು. ಇರಬಹುದು ಅಂದೆ, ಮುಂದೆ ಮಾತು ಹೊರಡಲಿಲ್ಲ. ನನಗೂ ಸುಮ್ನೆ ಸುಮ್ನೆ ಅಳು ಬರುತ್ತದೆ. ನೆಂಟರು ಮಾತ್ರ ಫೋಟೋ ತೋರಿಸಿ ಅನ್ನುತ್ತಾರೆ!

ಇಂಥ ಪ್ರಯಾಣ ಮಾಡಿದವರು ಇದ್ದೀರಾ? ಅವಳೇ ಮಾತಾಡಲಿ ಎಂದು ಕಾಯಬೇಕೋ, ನಾವೇ ವಿಷಯ ಎತ್ತಬೇಕೋ? ದತ್ತು ವಿಷಯ ಬಲ್ಲ ಕೌನ್ಸೆಲರ್ ಹತ್ತಿರ ಅವಳೊಬ್ಬಳೇ ಹೋಗಬೇಕೋ, ಮೂವರೂ ಹೋಗಬೇಕೋ? ಕಾಲವೇ ಸರಿಮಾಡುತ್ತದೆ ಅನ್ನಬೇಡಿ, ಅದನ್ನು ಸಾಕಷ್ಟು ಕೇಳಿದ್ದೇನೆ.