ಸಹಾಯ ಬೇಕು: ಹಳೇ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಕೈ ಕೊಡುತ್ತಿದೆಯಾ?

ಎಲ್ಲರಿಗೂ ನಮಸ್ಕಾರ. 2014ರಲ್ಲಿ ಕೊಂಡ ಲ್ಯಾಪ್‌ಟಾಪ್, 500 ಜಿಬಿ ಹಾರ್ಡ್ ಡಿಸ್ಕ್. ಒಂದು ವಾರದಿಂದ ಆನ್ ಆಗಲು ಹತ್ತು ನಿಮಿಷ ಬೇಕು. ಫೋಟೋ ಫೋಲ್ಡರ್ ತೆರೆದರೆ ಟಕ್ ಟಕ್ ಸದ್ದು, ಆಮೇಲೆ ಎಲ್ಲ ಗಪ್‌ಚುಪ್. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ 'ಕಾಷನ್' (ಎಚ್ಚರಿಕೆ) ಅಂತಿದೆ. ಪೆಂಡಿಂಗ್ ಸೆಕ್ಟರ್ (ಡಿಸ್ಕ್‌ನಲ್ಲಿ ಸರಿಯಾಗಿ ಓದಲಾಗದ ಜಾಗಗಳು) ಮೊನ್ನೆ 16 ಇತ್ತು, ಇವತ್ತು 48. ಸಿಆರ್‌ಸಿ ಎರರ್ (ಕೇಬಲ್‌ನಲ್ಲಿ ಡೇಟಾ ಸಾಗುವಾಗ ಆಗುವ ತಪ್ಪು) ಸೊನ್ನೆ, ಹಾಗಾಗಿ ಕೇಬಲ್‌ದು ತಪ್ಪಿರಲಾರದು, ಅಲ್ವಾ?

ಅಂಗಡಿಯವರು 'ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ' ಅಂದರು. ನನಗೆ ನಂಬಿಕೆ ಬರಲಿಲ್ಲ. ಮಗಳ ನಾಮಕರಣದ ಫೋಟೋಗಳು ಅದರಲ್ಲೇ ಇವೆ, ಬ್ಯಾಕಪ್ ಇಲ್ಲ (ಬೈಯಬೇಡಿ, ಹೆಂಡತಿ ಆಗಲೇ ಬೈದಾಗಿದೆ). ವಿಂಡೋಸ್‌ನ ಡಿಸ್ಕ್ ತಪಾಸಣೆ ಚೆಕ್‌ಡಿಸ್ಕ್ ಓಡಿಸಿದರೆ ಡಿಸ್ಕ್‌ಗೆ ಇನ್ನೂ ಏಟು ಬೀಳಬಹುದೆಂದು ಮುಟ್ಟಿಲ್ಲ. ಸದ್ಯ ಆಫ್ ಮಾಡಿಟ್ಟಿದ್ದೇನೆ.

ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಡಿಡಿರೆಸ್ಕ್ಯೂನಲ್ಲಿ (ಕೆಡುತ್ತಿರುವ ಡಿಸ್ಕ್‌ನಿಂದ ಡೇಟಾ ನಕಲು ಮಾಡುವ ಸಾಫ್ಟ್‌ವೇರ್) ಪೂರ್ತಿ ಡಿಸ್ಕ್ ನಕಲು ತೆಗೆಯಲಾ, ಇಲ್ಲ ಮೊದಲು ಫೋಟೋಗಳನ್ನಷ್ಟೇ ಎತ್ತಿಕೊಳ್ಳಲಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.