ಕ್ಯಾರವಾನ್‌ಗೂ ಕರೆಂಟ್ ಸರ್ಟಿಫಿಕೇಟಂತೆ!

ನಿನ್ನೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ನಡೆದದ್ದು. ಹೆಸರು ತೆಗ್ದು ಹಾಕ್ತಿದೀನಿ, ಆದ್ರೂ ಯಾರ್ಯಾರು ಅಂತ ನಮ್ಮೋರಿಗೆ ಗೊತ್ತಾಗತ್ತೆ ಬಿಡಿ.

ಜಯನಗರ ದೊಡ್ಡಪ್ಪ: "ಎಚ್ಚರ!! ಕ್ಯಾರವಾನ್ ಇರೋರು ಎಲೆಕ್ಟ್ರಿಕಲ್ ಸರ್ಟಿಫಿಕೇಟ್ ಮಾಡಿಸ್ಲೇಬೇಕು, ಇಲ್ಲಾಂದ್ರೆ ಕರೆಂಟ್ ಇಲ್ಲ!! ಹತ್ತು ಜನಕ್ಕೆ ಕಳಿಸಿ 🙏"

ದೊಡ್ಡಪ್ಪ: ಇದು ಯಾರಿಗೆ ಅಂತ ಹೇಳಲ್ಲ. ಅರ್ಥ ಆಗೋರಿಗೆ ಆಗತ್ತೆ.

(ಹಳೇ ಟೆಂಪೋ ಟ್ರಾವೆಲರ್ ತಗೊಂಡು ಮಂಚ, ಫ್ರಿಜ್, ಇಂಡಕ್ಷನ್ ಸ್ಟೌ ಎಲ್ಲ ಕೂರಿಸಿ ಕ್ಯಾರವಾನ್ ಮಾಡ್ಕೊಂಡಿರೋದು ಚಿಕ್ಕಪ್ಪ ಒಬ್ಬರೇ.)

ರಾಜಾಜಿನಗರ ಚಿಕ್ಕಪ್ಪ: ನೇರವಾಗಿ ಹೇಳಣ್ಣ. ಗಾಡಿ ತಗೊಂಡಾಗಿಂದ ನಿಂಗೆ ಹೊಟ್ಟೆಉರಿ.

ನಾನು: ಇದರ ಮೂಲ ಎಲ್ಲಿ? ಆರ್ಡರ್ ಕಾಪಿ ಇದ್ರೆ ಹಾಕಿ.

ದೊಡ್ಡಪ್ಪ: ಎಲ್ಲದಕ್ಕೂ ಮೂಲ ಕೇಳ್ತೀಯ, ಹಿರಿಯರ ಮಾತಿಗೆ ಬೆಲೆನೇ ಇಲ್ವಾ?

ಆಕ್ಲೆಂಡ್ ಅಕ್ಕ: ದೊಡ್ಡಪ್ಪ ಇದು ಇಲ್ಲೀದು, ನ್ಯೂಜಿಲೆಂಡ್‌ದು. ಇಲ್ಲಿ ಗಾಡಿ ಫಿಟ್‌ನೆಸ್ ಬೇರೆ, ಎಲೆಕ್ಟ್ರಿಕಲ್ ವಾರಂಟ್ ಆಫ್ ಫಿಟ್‌ನೆಸ್, ಅಂದ್ರೆ ಒಳಗಿನ ವೈರಿಂಗ್ ಸರಿ ಇದೆ ಅನ್ನೋ ಸರ್ಟಿಫಿಕೇಟ್, ಅದು ಬೇರೆ. ಕ್ಯಾಂಪಲ್ಲಿ ಕರೆಂಟಿಗೆ ಪ್ಲಗ್ ಹಾಕ್ಬೇಕಂದ್ರೆ ಅದು ಇರ್ಬೇಕು, 4 ವರ್ಷಕ್ಕೊಂದ್ಸಲ ಮಾಡಿಸ್ತೀವಿ. ಬೆಂಗಳೂರಿಗೂ ಅದಕ್ಕೂ ಸಂಬಂಧ ಇಲ್ಲ.

ಚಿಕ್ಕಪ್ಪ: ನೋಡಣ್ಣ, ಓದದೆ ಕಳಿಸ್ತೀಯ 😂

ಅಕ್ಕ: ಚಿಕ್ಕಪ್ಪ ನಗ್ಬೇಡಿ, ರೂಲ್ ಇಲ್ಲೀದಾದ್ರೂ ಶಾಕ್ ಎಲ್ಲಾ ಕಡೆ ಒಂದೇ, ಎರಡೂ ಕಡೆ 230 ವೋಲ್ಟೇ ಅಲ್ವಾ. ಗಾಡಿ ಟೈರ್ ಮೇಲೆ ನಿಂತಿರತ್ತೆ, ಅದರ ತಗಡಿಗೆ ಅರ್ಥ್ ಸಿಗಲ್ಲ, ಒಳಗೆ ಎಲ್ಲೋ ಫೇಸ್ ವೈರ್ ಉಜ್ಜಿ ತಗಡಿಗೆ ತಾಗಿದ್ರೆ ಗಾಡಿಗೆ ಏನೂ ಆಗಲ್ಲ, ಆದ್ರೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಹಿಡಿದೋರೇ ಅರ್ಥಿಂಗ್ ಆಗ್ಬಿಡ್ತಾರೆ. ಅದಕ್ಕೇ ಇಲ್ಲಿ 30 ಮಿಲಿಆಂಪ್ ಲೀಕಾದ್ರೂ ತಾನೇ ಬಿದ್ದು ಕರೆಂಟ್ ಕಟ್ ಮಾಡೋ ಸ್ವಿಚ್ ಕೇಳೋದು. ನೀವು ಅರ್ಥ್ ಪಿನ್ ಕಿತ್ತಿರೋ ಪ್ಲಗ್ ಹಾಕಿ ಕಿಟಕಿಯಿಂದ ವೈರ್ ಎಳ್ದಿದ್ದು ಫೋಟೋದಲ್ಲಿ ನೋಡಿದೀನಿ.

ಚಿಕ್ಕಪ್ಪ: ಸಾಕೆಟ್ ಸಣ್ಣದಿತ್ತು ಕಣೇ!

ಅತ್ತೆ: ಪಿನ್ ಕೀಳೋದು ಇವನಿಗೆ ಹೊಸದಾ? ನನ್ನ ಮಗಳ ಮದುವೇಲಿ ಸೀರಿಯಲ್ ಸೆಟ್ ನಾನೇ ಹಾಕ್ತೀನಿ ಅಂತ ಹಾಕಿ ಅಡುಗೆಭಟ್ರಿಗೆ ಗ್ರೈಂಡರಲ್ಲಿ ಶಾಕ್ ಹೊಡೀತು. ಹೋಳಿಗೆ ಮಧ್ಯಾಹ್ನ ಮೂರಕ್ಕೆ ಬಂತು. ಬೀಗರು ಈಗ್ಲೂ ಆಡ್ಕೋತಾರೆ.

ಚಿಕ್ಕಪ್ಪ: ಹೋಳಿಗೆ ಲೇಟಾಗಿದ್ದು ಕಡಲೆಬೇಳೆ ನೆನೆಹಾಕೋದು ಮರೆತಿದ್ದಕ್ಕೆ. ಯಾರು ಮರೆತದ್ದು ಅಂತ ಹೇಳ್ಲಾ?

ಇನ್ನೊಬ್ಬರು: ಧರ್ಮಸ್ಥಳಕ್ಕೆ ಮೆಟಾಡೋರಲ್ಲಿ ಹೋಗಿದ್ದು ನೆನಪಿದ್ಯಾ? ಕೊಟ್ಟಿಗೆಹಾರದಲ್ಲಿ ನೀರುದೋಸೆ, ಅಜ್ಜಿ ಪುಳಿಯೋಗರೆ ಡಬ್ಬ, ದೊಡ್ಡಪ್ಪ ಘಾಟಲ್ಲಿ ವಾಂತಿ...

ದೊಡ್ಡಪ್ಪ: ಅದು ವಾಂತಿ ಅಲ್ಲ, ಪಿತ್ತ.

(ಇಲ್ಲಿಂದ ಐವತ್ತೆರಡು ಮೆಸೇಜ್ ಬರೀ ಮೆಟಾಡೋರ್. ಬಿಟ್ಟಿದೀನಿ.)

ನಾನು: ಚಿಕ್ಕಪ್ಪ, ಗಾಡೀಲಿ ಆರ್‌ಸಿಸಿಬಿ, ಅದೇ ಅಕ್ಕ ಹೇಳಿದ ಲೀಕಾದ್ರೆ ಬೀಳೋ ಸ್ವಿಚ್, ಇದ್ಯಾ?

ಚಿಕ್ಕಪ್ಪ: ಇದೆ. ದುಡ್ಡು ಕೊಟ್ಟು ಹಾಕ್ಸಿದೀನಿ.

ಅಕ್ಕ: ಅದರಲ್ಲಿ ಟೆಸ್ಟ್ ಬಟನ್ ಇರತ್ತೆ, ಯಾವತ್ತಾದ್ರೂ ಒತ್ತಿದೀರಾ? ಪವರ್ ಇರೋವಾಗ ಒತ್ತಿದ್ರೆ ಟಕ್ ಅಂತ ಬೀಳ್ಬೇಕು. ಆಮೇಲೆ ಆ ಲಿಥಿಯಂ ಬ್ಯಾಟರಿ ಮಂಚದ ಕೆಳಗೇ ಇದ್ಯಾ ಇನ್ನೂ?

ಚಿಕ್ಕಪ್ಪ: ಎಲ್ರೂ ಇಂಜಿನಿಯರ್‌ಗಳೇ ಈ ಮನೇಲಿ. ಮೂವತ್ತು ವರ್ಷ ಫ್ಯಾಕ್ಟರೀಲಿ ಮೇಂಟೆನೆನ್ಸ್ ಮಾಡಿದೋನು ನಾನು. ಗುಡ್ ನೈಟ್.

ದೊಡ್ಡಪ್ಪ: ಒಟ್ನಲ್ಲಿ ನಾನು ಕಳಿಸಿದ್ದು ನಿಜ ಆಯ್ತು.

ನಾನು: ಆಗ್ಲಿಲ್ಲ ದೊಡ್ಡಪ್ಪ.

ಅತ್ತೆ: ಭಾನುವಾರ ಎಲ್ರೂ ಬರ್ತೀರಾ? ಕೋಸಂಬರಿ ಯಾರು ತರ್ತೀರ? ಹೆಸರುಬೇಳೆ ನೆನೆಹಾಕೋದು ಮರೀಬೇಡಿ, ಆಮೇಲೆ ನನ್ನ ಅನ್ಬೇಡಿ.

ರಾತ್ರಿ 11:40ಕ್ಕೆ ಚಿಕ್ಕಪ್ಪ ನಂಗೊಬ್ನಿಗೇ ಮೆಸೇಜ್ ಮಾಡಿದ್ರು, "ಗಾಡಿ ಹತ್ರ ಹೋಗಿ ಬಟನ್ ಮೂರ್ ಸಲ ಒತ್ತಿದೆ ಕಣೋ, ಬೀಳ್ಲಿಲ್ಲ. ಲೈಟ್ ಉರೀತಾನೇ ಇತ್ತು. ಪ್ಲಗ್ ಕಿತ್ತಿಟ್ಟಿದೀನಿ. ನಿಮ್ಮನೆ ವೈರಿಂಗ್ ಮಾಡಿದ ಹುಡುಗನ ನಂಬರ್ ಕಳ್ಸು. ಗ್ರೂಪಲ್ಲಿ ಹಾಕ್ಬೇಡ."