ಕೇಕಿಗೆ ಎಷ್ಟು ಕೇಳಬೇಕು? ಮನೆಯಲ್ಲಿ ಕೇಕ್ ಮಾಡುವವರ ಪ್ರಶ್ನೆಗಳಿಗೆ ಬೇಕರ್ ಉತ್ತರ

ಪ್ರಶ್ನೆ (ದಾವಣಗೆರೆಯಿಂದ): ಅಕ್ಕ, ಹೋದ ವಾರ ಒಂದೂವರೆ ಕೆಜಿ ಚಾಕೊಲೇಟ್ ಕೇಕ್ ಮಾಡಿಕೊಟ್ಟೆ. ಮಗುವಿನ ಮೊದಲ ಹುಟ್ಟುಹಬ್ಬ. ಮೇಲೆ ಸಕ್ಕರೆಯ ಕಣಕದಂಥ ಫಾಂಡೆಂಟ್‌ನಲ್ಲಿ ಆನೆ, ಸಿಂಹ, ಮೋಡ, ಮಗುವಿನ ಹೆಸರು. 1,200 ರೂಪಾಯಿ ತಗೊಂಡೆ. ಸಾಮಾನಿಗೆ 620 ಆಗಿತ್ತು, 580 ಉಳೀತು ಅಂತ ಖುಷಿಪಟ್ಟೆ. ನಮ್ಮ ಮನೆಯವರು ಮಾತ್ರ "ಎರಡು ದಿನ ಅಡುಗೆಮನೆ ಬಿಟ್ಟು ಬಂದಿಲ್ಲ, ಇಷ್ಟೇನಾ?" ಅಂದರು. ನಾನು ಕೇಳಿದ್ದು ಕಡಿಮೆ ಆಯ್ತಾ?

ಉತ್ತರ: ಹೌದು, ತುಂಬಾ ಕಡಿಮೆ. ಮೊದಲು ಆ 620 ಇನ್ನೊಮ್ಮೆ ನೋಡಿ. ಮೈದಾ, ಕೋಕೋ, ಬೆಣ್ಣೆ, ಕ್ರೀಮ್, ಫಾಂಡೆಂಟ್ ಬರೆದಿರುತ್ತೀರಿ. ಬೋರ್ಡ್, ಬಾಕ್ಸ್, ಬಟರ್ ಪೇಪರ್, ಪೈಪಿಂಗ್ ಬ್ಯಾಗ್, ಜೆಲ್ ಕಲರ್, ಅಂಗಡಿಗೆ ಹೋಗಿಬಂದ ಪೆಟ್ರೋಲ್? ಇವು ಬಿಟ್ಟುಹೋಗಿರುತ್ತವೆ. ಎಲ್ಲ ಸೇರಿಸಿ 780 ಅಂದುಕೊಳ್ಳೋಣ.

ಇನ್ನು ನಿಮ್ಮ ಗಂಟೆಗಳು. ಓವನ್‌ನಲ್ಲಿ ಕೇಕ್ ಬೇಯುವಾಗ ನೀವು ಬೇರೆ ಕೆಲಸ ಮಾಡಬಹುದು, ಅದನ್ನು ಬಿಡಿ. ಕೈ ನಿಜವಾಗಿ ಕೆಲಸ ಮಾಡಿದ ಹೊತ್ತು ಮಾತ್ರ ಲೆಕ್ಕ ಹಾಕಿ. ಆನೆ, ಸಿಂಹ ಮಾಡೋಕೆ ಮೂರು ಗಂಟೆ. ಅವು ಒಣಗಿ ಗಟ್ಟಿಯಾಗಬೇಕು, ಹಾಗಾಗಿ ಎರಡು ದಿನ ಮುಂಚೆಯೇ ಕೂತಿರುತ್ತೀರಿ. ಅಳತೆ, ಹಿಟ್ಟು ಕಲಸೋದು ಮುಕ್ಕಾಲು ಗಂಟೆ. ಲೇಯರ್ ಕತ್ತರಿಸಿ, ಸಿರಪ್ ಹಾಕಿ, ಕ್ರೀಮ್ ಹಚ್ಚಿ ಅಂಚು ಸಮ ಮಾಡೋಕೆ ಒಂದೂವರೆ. ಮೇಲಿನ ಅಲಂಕಾರಕ್ಕೆ ಮುಕ್ಕಾಲು. ಪಾತ್ರೆ ತೊಳೆಯೋದು, ಪ್ಯಾಕಿಂಗ್, ಗಿರಾಕಿ ಜೊತೆ ಫೋಟೋ ಕಳಿಸಿ ಮಾತಾಡಿದ್ದು ಇನ್ನೊಂದು ಗಂಟೆ. ಒಟ್ಟು ಏಳು. ಗಂಟೆಗೆ 120 ಹಿಡಿದರೂ 840 ಆಯಿತು. ಎಂಟು ಗಂಟೆಯ ದಿನಕ್ಕೆ 960 ಅಷ್ಟೇ, ಇಷ್ಟು ಕೈಚಳಕದ ಕೆಲಸಕ್ಕೆ ಅದು ಜಾಸ್ತಿಯೇನಲ್ಲ.

ಕರೆಂಟ್, ಬೀಟರ್ ಮತ್ತು ಓವನ್ ಸವಕಳಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಇವಕ್ಕೆ 80. ಅಲ್ಲಿಗೆ 1,700. ಇದರ ಮೇಲೆ ಶೇ 15 ಲಾಭ ಇಟ್ಟರೆ 255. ಆ ಕೇಕಿನ ಬೆಲೆ ಸುಮಾರು 1,950 ರೂಪಾಯಿ. ನಿಮ್ಮ ಮಜೂರಿ ಬೇರೆ, ಲಾಭ ಬೇರೆ. ಮಜೂರಿ ನೀವು ದುಡಿದಿದ್ದಕ್ಕೆ. ಲಾಭ ನಾಳೆ ಕೆಲಸ ಬೆಳೆಸೋಕೆ. ನೀವು 580 ಉಳೀತು ಅಂದುಕೊಂಡಿದ್ದೀರಿ. ಸಾಮಾನು ಮತ್ತು ಕರೆಂಟಿನ 860 ಕಳೆದರೆ ಏಳು ಗಂಟೆಗೆ ಕೈಗೆ ಬಂದಿದ್ದು 340. ಗಂಟೆಗೆ 50 ರೂಪಾಯಿಯೂ ಇಲ್ಲ. ನನಗೆ ನಿಜವಾಗಿ ಬೇಜಾರಾಯಿತು.

ಅವರೇ ಮತ್ತೆ: ಅಕ್ಕ, ನಾನಿನ್ನೂ ಕಲೀತಿದ್ದೀನಿ. ಏಳಲ್ಲ, ಹತ್ತು ಗಂಟೆ ಹಿಡಿಯಿತು. ಹತ್ತಕ್ಕೂ ಕೇಳೋದಾ?

ಉತ್ತರ: ಬೇಡ. ಒಳ್ಳೆ ಪ್ರಶ್ನೆ ಇದು. ಚೆನ್ನಾಗಿ ಕೈ ಕುದುರಿದವರಿಗೆ ಎಷ್ಟು ಹೊತ್ತು ಬೇಕೋ ಅಷ್ಟಕ್ಕೆ ಮಾತ್ರ ಹಾಕಿ. ಉಳಿದ ಮೂರು ಗಂಟೆ ನಿಮ್ಮ ಕಲಿಕೆ, ಅದನ್ನು ಗಿರಾಕಿ ಮೇಲೆ ಹಾಕೋದು ನ್ಯಾಯವಲ್ಲ. ಆದರೆ ಕಲೀತಿದ್ದೀನಿ ಅಂತ ಏಳು ಗಂಟೆಯನ್ನೂ ಬಿಟ್ಟುಕೊಡಬೇಡಿ.

ಪ್ರಶ್ನೆ (ಬೆಂಗಳೂರಿನಿಂದ): ನಾನು ಬೇಕರ್ ಅಲ್ಲ, ಕೇಕ್ ತರಿಸುವವಳು. ತಪ್ಪು ತಿಳಿಯಬೇಡಿ. ನಮ್ಮ ರಸ್ತೆಯ ಬೇಕರಿಯಲ್ಲಿ ಕೆಜಿಗೆ 600. ಮನೆಯಲ್ಲಿ ಮಾಡುವವರು 1,800, 2,000 ಅನ್ನುತ್ತಾರೆ. ಇಷ್ಟು ವ್ಯತ್ಯಾಸ ಯಾಕೆ?

ಉತ್ತರ: ತಪ್ಪೇನಿಲ್ಲ, ಎಲ್ಲರೂ ಕೇಳಬೇಕಾದ್ದೇ. ಬೇಕರಿಯಲ್ಲಿ ಒಂದೇ ಸಲಕ್ಕೆ ಟ್ರೇಗಟ್ಟಲೆ ಸ್ಪಾಂಜ್ ಬೇಯುತ್ತದೆ, ಒಂದೇ ಡಿಸೈನ್ ಹತ್ತಾರು ಕೇಕಿಗೆ. ಒಬ್ಬರ ಹತ್ತು ನಿಮಿಷ ಒಂದು ಕೇಕಿಗೆ ಸಾಕು. ಅವರ 600 ಅವರ ಲೆಕ್ಕಕ್ಕೆ ಸರಿಯಾಗಿಯೇ ಇದೆ. ನೀವು ಪಿಂಟರೆಸ್ಟ್ ಫೋಟೋ ಕಳಿಸಿ "ಹೀಗೇ ಬೇಕು" ಅಂದಾಗ ಆ ಕೇಕ್ ನಿಮ್ಮೊಬ್ಬರಿಗಾಗಿ ಮಾತ್ರ ಆಗುತ್ತದೆ. ಬಟ್ಟೆ ನಾವೇ ಕೊಟ್ಟರೂ ಬ್ಲೌಸಿನ ಆರಿ ವರ್ಕ್‌ಗೆ ಸಾವಿರಗಟ್ಟಲೆ ಕೊಡುತ್ತೇವೆ, ಅಲ್ವಾ? ಅಲ್ಲಿ ಯಾರೂ ಬಟ್ಟೆಯ ಮೀಟರ್ ಲೆಕ್ಕ ಹಾಕುವುದಿಲ್ಲ.

ಸಾಮಾನಿನಲ್ಲೂ ಫರಕು ಇರುತ್ತದೆ. ಕಾಂಪೌಂಡ್ ಚಾಕೊಲೇಟಿನಲ್ಲಿ ಕೋಕೋ ಬಟರ್ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ, ಅಗ್ಗ. ಕೋಕೋ ಬಟರ್ ಇರುವ ಕೂವರ್ಚರ್ ದುಬಾರಿ. ಕ್ರೀಮಿನಲ್ಲೂ ಡೇರಿ (ಹಾಲಿನದು), ನಾನ್ ಡೇರಿ (ಸಸ್ಯದ ಕೊಬ್ಬಿನದು) ಅಂತ ಎರಡಿದೆ. ಯಾವುದು ಹಾಕುತ್ತೀರಿ ಅಂತ ಕೇಳಿ, ಒಳ್ಳೆ ಬೇಕರ್ ನೇರವಾಗಿ ಹೇಳುತ್ತಾರೆ.

ನಿಮಗೊಂದು ಸಲಹೆ. "ಕಡಿಮೆ ಮಾಡಿ" ಅನ್ನುವ ಬದಲು "ನನ್ನ ಬಜೆಟ್ 1,200, ಇದರಲ್ಲಿ ಏನಾಗುತ್ತದೆ?" ಅನ್ನಿ. ಕೈಯಲ್ಲಿ ಮಾಡುವ ಗೊಂಬೆ ಬಿಟ್ಟು ಎಡಿಬಲ್ ಪ್ರಿಂಟ್ (ತಿನ್ನಬಹುದಾದ ಹಾಳೆಯಲ್ಲಿ ಅಚ್ಚಾದ ಚಿತ್ರ) ಹಾಕಿಸಿದರೆ ಬೆಲೆ ಎಷ್ಟೋ ಇಳಿಯುತ್ತದೆ. ಬರೀ ತೂಕ ಇಳಿಸಿದರೆ ಅಷ್ಟು ಇಳಿಯಲ್ಲ. ಒಂದೂವರೆ ಕೆಜಿಗೂ ಒಂದು ಕೆಜಿಗೂ ಆನೆ ಒಂದೇ.

ಪ್ರಶ್ನೆ (ಪುತ್ತೂರಿನಿಂದ): ಚಾಕೊಲೇಟ್ ಕೇಕಿನ ರೇಟ್ ಏರಿಸಿದ್ದಕ್ಕೆ ಹಳೆ ಗಿರಾಕಿಗಳು ಮುನಿಸಿಕೊಂಡಿದ್ದಾರೆ. "ಕೋಕೋ ನಮ್ಮೂರಲ್ಲೇ ಬೆಳೆಯುತ್ತದಲ್ಲ" ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ನಿಜ, ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆಯೇ ನಿಮ್ಮೂರಲ್ಲಿದೆ. ಆದರೆ ಕೋಕೋ ದರ ನಿರ್ಧಾರ ಆಗೋದು ಹೊರಗಿನ ಮಾರುಕಟ್ಟೆಯಲ್ಲಿ. ಜಗತ್ತಿನ ಕೋಕೋದಲ್ಲಿ ಸುಮಾರು ಅರ್ಧ ಐವರಿ ಕೋಸ್ಟ್ ಮತ್ತು ಘಾನಾದ್ದು. ಅಲ್ಲಿ ಬೆಳೆ ಕೈಕೊಟ್ಟು 2024ರಲ್ಲಿ ದರ ಟನ್ನಿಗೆ 10,000 ಡಾಲರ್ ದಾಟಿತ್ತು. ಇದನ್ನೇ ಸರಳವಾಗಿ ಹೇಳಿ. ಸಾಮಾನಿನ ದರ ಇಳಿದಾಗ ನೀವೂ ಇಳಿಸಿ, ಅದು ಅವರಿಗೆ ಗೊತ್ತಾಗಲಿ. ಆಗ ಏರಿಸಿದರೂ ನಂಬುತ್ತಾರೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಫಾಂಡೆಂಟ್ ಗೊಂಬೆಯ ತೂಕ ಕೆಜಿಯಲ್ಲಿ ಸೇರಿಸಬೇಕೋ ಬೇಡವೋ?

ಉತ್ತರ: ನಾನು ಸೇರಿಸುವುದಿಲ್ಲ. ಫಾಂಡೆಂಟ್ ಭಾರ, ಬಹಳ ಮಂದಿ ತಿನ್ನದೆ ಪಕ್ಕಕ್ಕಿಡುತ್ತಾರೆ. ಎರಡು ಕೆಜಿ ಅಂತ ಹೇಳಿ ಅದರಲ್ಲಿ ಅರ್ಧ ಕೆಜಿ ಗೊಂಬೆ ಕೊಟ್ಟರೆ ನೆಂಟರಿಗೆ ಕೇಕ್ ಸಾಲದು. ಸ್ಪಾಂಜ್, ಕ್ರೀಮ್ ಸೇರಿ ಎರಡು ಕೆಜಿ ಇರಲಿ. ಗೊಂಬೆಗೆ ಬೇರೆ ಸಾಲು ಬರೆದು ಬೇರೆ ದುಡ್ಡು ಹಾಕಿ.

ಪ್ರಶ್ನೆ (ಮೈಸೂರಿನಿಂದ): ನಾದಿನಿ, ಚಿಕ್ಕಮ್ಮ, ಪಕ್ಕದ ಮನೆಯವರು, ಎಲ್ಲರಿಗೂ "ನಮ್ಮವರ ರೇಟ್" ಬೇಕು. ಇಲ್ಲ ಅನ್ನೋಕೆ ಆಗಲ್ಲ.

ಉತ್ತರ: ತೀರಾ ಹತ್ತಿರದವರಿಗೆ ಪೂರ್ತಿ ಉಡುಗೊರೆಯಾಗಿ ಕೊಡಿ, ಮನಸಾರೆ ಕೊಡಿ. ಉಳಿದವರಿಗೆ ಪೂರ್ತಿ ಬೆಲೆ. ಅರ್ಧ ಬೆಲೆಗೆ ಒಪ್ಪಿಕೊಂಡರೆ ಅವರು ಉಡುಗೊರೆ ಸಿಕ್ಕಿತು ಅಂದುಕೊಳ್ಳುವುದಿಲ್ಲ, ಅದೇ ನಿಮ್ಮ ರೇಟ್ ಅಂದುಕೊಂಡು ನಾಲ್ಕು ಜನಕ್ಕೆ ಹೇಳುತ್ತಾರೆ. ಬಿಡಲೇಬೇಕಾದರೆ ಬಿಲ್ಲಿನಲ್ಲಿ 1,950 ಬರೆದು, ಕೆಳಗೆ 200 ಬಿಟ್ಟಿದ್ದೇನೆ ಅಂತ ಬರೆಯಿರಿ.

ಪ್ರಶ್ನೆ (ಶಿವಮೊಗ್ಗದಿಂದ): ಗೊಂಬೆ ಎಲ್ಲ ಮಾಡಿಟ್ಟ ಮೇಲೆ ಹಿಂದಿನ ದಿನ ಆರ್ಡರ್ ಕ್ಯಾನ್ಸಲ್ ಅಂದರು. ಅಡ್ವಾನ್ಸ್ ತಗೊಂಡಿರಲಿಲ್ಲ. ಮುಂದೆ ಏನು ಮಾಡಲಿ?

ಉತ್ತರ: ಅರ್ಧ ದುಡ್ಡು ಬಂದಮೇಲೇ ತಾರೀಖು ಕೊಡಿ. ಗೊಂಬೆ ಕೆಲಸ ಶುರುವಾದ ಮೇಲೆ ಅದು ವಾಪಸ್ ಇಲ್ಲ ಅಂತ ಆರ್ಡರ್ ಹಿಡಿಯುವಾಗಲೇ ವಾಟ್ಸಾಪಿನಲ್ಲಿ ಬರೆದು, ಅವರಿಂದ "ಸರಿ" ಅನ್ನಿಸಿಕೊಳ್ಳಿ. ಮನೆಯಲ್ಲಿ ಸಾವು, ಆಸ್ಪತ್ರೆ ಅಂತ ಆದರೆ ಮಾತ್ರ ನಾನು ಆ ದುಡ್ಡನ್ನು ಮುಂದಿನ ಆರ್ಡರಿಗೆ ಹಿಡಿದುಕೊಳ್ಳುತ್ತೇನೆ. ಈಗ ಮಾಡಿಟ್ಟ ಗೊಂಬೆಗಳನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಬೆವರಿ ಅಂಟುತ್ತವೆ. ಮುಚ್ಚಳದ ರಟ್ಟಿನ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಹೊರಗೇ ಇಡಿ. ಹೆಸರಿನ ಅಕ್ಷರ ಬಿಟ್ಟು ಉಳಿದಿದ್ದು ಇನ್ನೊಂದು ಮಗುವಿನ ಕೇಕಿಗೆ ಆಗುತ್ತದೆ.